ಹಾಜರಿ ಪುಸ್ತಕದಿಂದ ಹೆಸರು ಹೋದ ಮೇಲೆ



ದುಡಿಯುವ ಜನರ ಬದುಕಿಗೆ ಸಂಬಂಧಪಟ್ಟ ಯಾವುದೇ ವಿಷಯವನ್ನು ಉಪನ್ಯಾಸಕರು ಆರಿಸಿಕೊಳ್ಳಬಹುದು ಎಂಬುದು ಈ ದತ್ತಿ ಉಪನ್ಯಾಸದ ನಿಯಮ. ನಾನು ಕೆಲಸ ಕಳೆದುಕೊಂಡವರ ವಿಷಯವನ್ನು ಆರಿಸಿಕೊಂಡಿದ್ದೇನೆ. ಓದು ಮುಗಿಸಿ ಇನ್ನೂ ಕೆಲಸ ಸಿಗದ ಯುವಕರ ಕಷ್ಟ ಬೇರೆ. ಅರವತ್ತಾಗಿ, ಹಾರ ಶಾಲು ಹಾಕಿಸಿಕೊಂಡು ಮನೆಗೆ ಬಂದವರ ಕಥೆಯೂ ಬೇರೆ. ಮಕ್ಕಳ ಫೀಸು, ಮನೆಯ ಸಾಲ ಎರಡೂ ಅರ್ಧದಲ್ಲಿರುವಾಗ ಕಾರ್ಖಾನೆಯ ಗೇಟು ಮುಚ್ಚಿದರೆ ಒಬ್ಬ ಮನುಷ್ಯನಿಗೆ ಏನಾಗುತ್ತದೆ, ಅವನು ಮತ್ತೆ ನಾಲ್ಕು ಜನರ ನಡುವೆ ತಾನು ಇಂಥವನು ಎಂದು ಹೇಳಿಕೊಳ್ಳುವ ಸ್ಥಿತಿಗೆ ಹೇಗೆ ಬರುತ್ತಾನೆ, ಇಷ್ಟೇ ಇವತ್ತಿನ ನನ್ನ ಮಾತಿನ ವ್ಯಾಪ್ತಿ.

ಕೋಲಾರದಲ್ಲಿ ನಿಂತು ಈ ವಿಷಯ ಮಾತಾಡುವವನಿಗೆ ಸ್ವಲ್ಪ ಅಳುಕಿರಬೇಕು. ಇಲ್ಲಿಂದ ಮೂವತ್ತು ಕಿಲೋಮೀಟರ್ ಆಚೆಗೆ ಚಿನ್ನದ ಗಣಿಯ ಊರಿದೆ. ಆ ಊರಿನ ಮಕ್ಕಳು ಈ ಸಭೆಯಲ್ಲೂ ಕುಳಿತಿರಬಹುದು. ಆದ್ದರಿಂದ ನಿಮಗೆ ಗೊತ್ತಿರುವುದನ್ನು ಕೊನೆಗಿಟ್ಟುಕೊಂಡು ದೂರದ ಒಂದು ಹಳ್ಳಿಯಿಂದ ಆರಂಭಿಸುತ್ತೇನೆ.

ಆಸ್ಟ್ರಿಯಾ ದೇಶದ ರಾಜಧಾನಿ ವಿಯೆನ್ನಾಕ್ಕೆ ಸಮೀಪದಲ್ಲಿ ಮರಿಯೆಂಟಾಲ್ ಎಂಬ ಊರು. ಊರೆಂದರೆ ಒಂದು ಬಟ್ಟೆ ಗಿರಣಿ, ಅದರ ಸುತ್ತ ಕಾರ್ಮಿಕರ ಮನೆಗಳು, ಅಷ್ಟೇ. 1929-30ರ ಜಾಗತಿಕ ಆರ್ಥಿಕ ಕುಸಿತದಲ್ಲಿ ಆ ಗಿರಣಿ ಮುಚ್ಚಿತು. ಅಲ್ಲಿದ್ದ 478 ಕುಟುಂಬಗಳಲ್ಲಿ ಸುಮಾರು ಮುಕ್ಕಾಲು ಪಾಲು ಕುಟುಂಬಗಳಲ್ಲಿ ಒಬ್ಬರಿಗೂ ಕೆಲಸ ಉಳಿಯಲಿಲ್ಲ. ಮರಿ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸಲ್ ಎಂಬ ತರುಣ ಸಂಶೋಧಕರು ತಮ್ಮ ತಂಡ ಕಟ್ಟಿಕೊಂಡು ಆ ಊರಿಗೆ ಹೋದರು. ಅವರ ಅಧ್ಯಯನ 1933ರಲ್ಲಿ ಪುಸ್ತಕವಾಗಿ ಹೊರಬಂತು. ನಿರುದ್ಯೋಗದ ಬಗ್ಗೆ ಮಾತಾಡುವವರು ಇವತ್ತಿಗೂ ಆ ಪುಸ್ತಕವನ್ನು ದಾಟಿಕೊಂಡು ಹೋಗಲು ಸಾಧ್ಯವಾಗಿಲ್ಲ.

ಅವರು ಕಂಡದ್ದೇನು? ಕೆಲಸವಿಲ್ಲದ ಮೇಲೆ ಬೇಕಾದಷ್ಟು ಬಿಡುವು; ಜನ ಹೆಚ್ಚು ಓದುತ್ತಾರೆ, ಹೆಚ್ಚು ಸಭೆ ಸೇರುತ್ತಾರೆ ಎಂದು ನಾವು ನೀವೆಲ್ಲ ಎಣಿಸುತ್ತೇವಲ್ಲವೆ? ಅಲ್ಲಿ ನಡೆದದ್ದು ತದ್ವಿರುದ್ಧ. ಕಾರ್ಮಿಕರ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಕಟ್ಟಬೇಕಿದ್ದ ಹಣವನ್ನೂ ಕೈಬಿಟ್ಟಿದ್ದರು. ಆದರೂ 1929ರಿಂದ 1931ರೊಳಗೆ ಎರವಲು ಹೋಗುವ ಪುಸ್ತಕಗಳ ಸಂಖ್ಯೆ ಅರ್ಧಕ್ಕೆ ಇಳಿದಿತ್ತು. ಸಂಶೋಧಕರು ಕಿಟಕಿಯ ಮರೆಯಲ್ಲಿ ನಿಂತು ಬೀದಿಯಲ್ಲಿ ನಡೆಯುವವರ ವೇಗವನ್ನು ಅಳೆದರು. ಗಂಡಸರು ನಿಧಾನ, ಒಂದಷ್ಟು ದೂರ ಹೋಗುವುದರೊಳಗೆ ಎರಡು ಮೂರು ಸಲ ನಿಲ್ಲುತ್ತಿದ್ದರು. ಹೆಂಗಸರು ಸರಸರ ಹೋಗುತ್ತಿದ್ದರು. ಅಡುಗೆ, ಬಟ್ಟೆ, ಮಕ್ಕಳು ಯಾವ ಕಾರ್ಖಾನೆ ಮುಚ್ಚಿದರೂ ಮುಚ್ಚುವುದಿಲ್ಲವಲ್ಲ. ದಿನದ ಯಾವ ಗಂಟೆಯಲ್ಲಿ ಏನು ಮಾಡಿದಿರಿ ಎಂದು ಹಾಳೆ ಕೊಟ್ಟು ಬರೆಯಲು ಹೇಳಿದರೆ ಗಂಡಸರಿಗೆ ಎದ್ದದ್ದು, ಉಂಡದ್ದು, ಮಲಗಿದ್ದು ಬಿಟ್ಟರೆ ಬೇರೇನೂ ನೆನಪಾಗುತ್ತಿರಲಿಲ್ಲ. ನೂರು ಗಂಡಸರಲ್ಲಿ 88 ಜನರ ಕೈಯಲ್ಲಿ ಗಡಿಯಾರವಿರಲಿಲ್ಲ. ಅವರಲ್ಲಿ 31 ಜನರ ಮನೆಯಲ್ಲಿ ಗಡಿಯಾರ ಇತ್ತು. ಕಟ್ಟಿಕೊಂಡು ಹೊರಡುವ ಅಗತ್ಯ ಇರಲಿಲ್ಲ.

ಯಹೋಡಾ ಮುಂದೆ ಎಷ್ಟೋ ವರ್ಷ ಇದನ್ನೇ ಯೋಚಿಸುತ್ತ, ಕೆಲಸವು ಸಂಬಳದ ಜೊತೆಗೆ ಸದ್ದಿಲ್ಲದೆ ಕೊಡುವ ಐದು ಸಂಗತಿಗಳನ್ನು ಗುರುತಿಸಿದರು: ದಿನಕ್ಕೊಂದು ಕಟ್ಟು, ಮನೆಯಾಚೆಯ ಜನರ ಒಡನಾಟ, ಹತ್ತು ಜನ ಸೇರಿ ಮಾಡುವ ಉದ್ದೇಶ, ಸಮಾಜದಲ್ಲಿ ಒಂದು ಸ್ಥಾನ, ಕೈಕಾಲಿಗೆ ನಿತ್ಯದ ಚಟುವಟಿಕೆ. ಸಂಬಳ ನಿಂತಾಗ ಸಾಲ ಮಾಡಬಹುದು, ಒಡವೆ ಅಡವಿಡಬಹುದು. ಈ ಐದನ್ನು ಯಾರಲ್ಲಿ ಕಡ ಕೇಳುವುದು?

ಇಲ್ಲೊಂದು ಸಣ್ಣ ಎಚ್ಚರಿಕೆ. ಮರಿಯೆಂಟಾಲ್‌ನಲ್ಲಿ ಎಲ್ಲರೂ ಕುಸಿದು ಕೂರಲಿಲ್ಲ. ಹೆಚ್ಚಿನ ಕುಟುಂಬಗಳು ಆಸೆಗಳನ್ನು ಒಂದೊಂದಾಗಿ ಕಡಿಮೆ ಮಾಡಿಕೊಂಡು ಹೇಗೋ ದಿನ ದೂಡುತ್ತಿದ್ದವು. ಪೂರ್ತಿ ಮುರಿದವರು ಕಡಿಮೆ, ಮುರಿಯದೆ ನಿಂತವರೂ ಕಡಿಮೆ. ಬಹುಪಾಲು ಜನ ನಡುವೆ ಇದ್ದರು. ಕೆಲಸ ಹೋದವರೆಂದರೆ ಒಂದೋ ಆತ್ಮಹತ್ಯೆಯ ಸುದ್ದಿ, ಇಲ್ಲವೇ ಶೂನ್ಯದಿಂದ ಕೋಟಿ ಗಳಿಸಿದ ಸಾಹಸದ ಸುದ್ದಿ ಎಂದು ನಮ್ಮ ಪತ್ರಿಕೆಗಳು ತಿಳಿದಂತಿದೆ. ನಡುವಿನವರ ಬಗ್ಗೆ ಬರೆಯುವವರು ವಿರಳ.

ಇನ್ನು ಎರಡನೆಯ ಸಂಗತಿಗೆ, ಹೆಸರಿನ ಸಂಗತಿಗೆ ಬರುತ್ತೇನೆ. ಗಡಿಯಾರದ ಮಾತು ಹೇಗೂ ಬಂತು; ತುಮಕೂರಿಗೆ ಹೋಗೋಣ.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸಲು ಶುರು ಮಾಡಿದ್ದು 1961ರಲ್ಲಿ. 1978ರಲ್ಲಿ ತುಮಕೂರಿಗೂ ಕಾರ್ಖಾನೆ ಬಂತು. ಮದುವೆಗೆ ಅಳಿಯನಿಗೆ, ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ ಎಚ್‌ಎಂಟಿ ಕೊಡಿಸುವುದು ಒಂದು ಕಾಲದ ಮರ್ಯಾದೆ. ಕ್ವಾರ್ಟ್ಜ್ ಗಡಿಯಾರ ಬಂತು, ಖಾಸಗಿ ಪೈಪೋಟಿ ಬಂತು, ಆಮೇಲೆ ಮೊಬೈಲ್ ಬಂತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿಯ ಗಡಿಯಾರ ಘಟಕಗಳನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಉಳಿದಿದ್ದ ನೌಕರರಿಗೆ ವಿಆರ್‌ಎಸ್.

ಅಲ್ಲಿ ಕೆಲಸದಲ್ಲಿದ್ದವರೊಬ್ಬರು ನನಗೆ ಪರಿಚಿತರು. ಹೆಸರು ಬೇಡ. ವಿಆರ್‌ಎಸ್ ಪಡೆದಾಗ ಅವರಿಗಿನ್ನೂ ಐವತ್ತು. ಮರುವರ್ಷ ಮಗಳ ಮದುವೆ. ಲಗ್ನಪತ್ರಿಕೆಯ ಕರಡು ಪ್ರೆಸ್ಸಿನಿಂದ ಬಂತು. ಹೆಣ್ಣಿನ ತಂದೆಯ ಹೆಸರಿನ ಕೆಳಗೆ ಏನು ಹಾಕಿಸುವುದು? ದೊಡ್ಡ ಮಗಳ ಪತ್ರಿಕೆಯಲ್ಲಿ 'ಎಚ್.ಎಂ.ಟಿ. ವಾಚ್ ಫ್ಯಾಕ್ಟರಿ, ತುಮಕೂರು' ಎಂದಿತ್ತು. "ನಿವೃತ್ತ ಅಂತ ಹಾಕ್ಸಿಬಿಡಿ ಭಾವ, ಯಾರು ಕೇಳ್ತಾರೆ" ಎಂದು ಹೆಂಡತಿಯ ತಮ್ಮ ಹೇಳಿದರಂತೆ. "ನಾನೆಲ್ಲಯ್ಯಾ ನಿವೃತ್ತ ಆದೆ? ಫ್ಯಾಕ್ಟರಿ ನಿವೃತ್ತ ಆಯ್ತು" ಎಂದು ಇವರು. ಮನೆಯಲ್ಲಿ ಎರಡು ದಿನ ಇದೇ ಚರ್ಚೆ. ಕೊನೆಗೆ ಆ ಸಾಲನ್ನೇ ತೆಗೆಸಿ, ಹೆಸರಿನ ಕೆಳಗೆ ಮೂಲ ಊರನ್ನು ಹಾಕಿಸಿದರು. ಇಪ್ಪತ್ತೆಂಟು ವರ್ಷ ಹಿಂದೆ ಬಿಟ್ಟು ಬಂದಿದ್ದ ಊರು.

ಇದನ್ನು ಕೇಳಿ ನಗಬಹುದು. ಆದರೆ ನಮ್ಮ ಸಮಾಜದಲ್ಲಿ ಗಂಡಸಿನ ಗುರುತು ಎಲ್ಲೆಲ್ಲಿ ಅಚ್ಚಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ: ಲಗ್ನಪತ್ರಿಕೆ, ಶಾಲೆಯ ಅರ್ಜಿಯಲ್ಲಿ 'ತಂದೆಯ ವೃತ್ತಿ' ಎಂಬ ಕಾಲಂ, ಸಂಘದ ಸದಸ್ಯರ ಪಟ್ಟಿ, ಬ್ಯಾಂಕಿನ ಸಾಲದ ಫಾರಂ. ಎಲ್ಲ ಕಡೆಯೂ ಒಂದೇ ಪ್ರಶ್ನೆ. ಬಸ್ಸಿನಲ್ಲಿ ಪಕ್ಕ ಕುಳಿತವರೂ ಊರು ಕೇಳಿದ ಮರುಕ್ಷಣವೇ "ಏನ್ ಕೆಲ್ಸ ಮಾಡ್ಕೊಂಡಿದೀರಾ?" ಎನ್ನುತ್ತಾರೆ. ಈ ಪ್ರಶ್ನೆ ತಪ್ಪಿಸಿಕೊಳ್ಳಲಿಕ್ಕೇ ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟವರಿದ್ದಾರೆ.

ಇಂಥ ಸಂದರ್ಭದಲ್ಲಿ ನಮ್ಮ ಭಾಷಣಕಾರರು ಶರಣರ ಕಾಯಕದ ಮಾತನ್ನು ಎತ್ತುತ್ತಾರೆ. ಎತ್ತಬಾರದೆಂದಲ್ಲ. ಹನ್ನೆರಡನೆಯ ಶತಮಾನದ ಶರಣರು ದುಡಿಮೆಗೆ ಕೊಟ್ಟ ಘನತೆ ಅಪೂರ್ವವಾದದ್ದು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಇವರ ಕಸುಬು ಅವರ ಹೆಸರಿನ ಮೊದಲ ಪದದಲ್ಲೇ ಇದೆ. ಆದರೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಪ್ರಸಂಗವನ್ನು ಗಮನಿಸಿ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಹೆಚ್ಚು ಅಕ್ಕಿ ತಂದಾಗ ಅದನ್ನು ಹಿಂದಕ್ಕೆ ಸುರಿದು ಬಾ ಎನ್ನುವವಳು ಲಕ್ಕಮ್ಮ. ಆ ಕಾಯಕವನ್ನು ಅವರಿಗೆ ಯಾರೂ ಆರ್ಡರ್ ಹೊರಡಿಸಿ ಕೊಟ್ಟಿರಲಿಲ್ಲ. ಆದ್ದರಿಂದ ನೋಟಿಸು ಕೊಟ್ಟು ಕಿತ್ತುಕೊಳ್ಳುವಂತೆಯೂ ಇರಲಿಲ್ಲ. ನೌಕರಿ ಹಾಗಲ್ಲ. ಇವೆರಡರ ಅಂತರ ಮರೆತು, ಕೆಲಸ ಕಳೆದುಕೊಂಡವನ ಮುಂದೆ ಕಾಯಕದ ಉಪದೇಶ ಮಾಡುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯ.

ತುಮಕೂರಿನವರ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಕೀ ಕೊಡುವ ಹಳೆಯ ಎಚ್‌ಎಂಟಿಗಳಿಗೆ ಸಂಗ್ರಾಹಕರ ಬೇಡಿಕೆ ಹುಟ್ಟಿತು. ಜನತಾ, ಪೈಲಟ್, ಸೋನಾ ಹುಡುಕಿಕೊಂಡು ಬೆಂಗಳೂರಿನಿಂದ ಹುಡುಗರು ಬರುತ್ತಿದ್ದರು. "ನೀವು ಫ್ಯಾಕ್ಟರಿಯವರು, ರಿಪೇರಿ ಮಾಡಿಕೊಡಿ" ಎಂದು ಒಬ್ಬ ಹುಡುಗ ನಿಂತುಹೋದ ಜನತಾ ತಂದುಕೊಟ್ಟ. ಇವರು ಹಿಂದಿನ ಮುಚ್ಚಳ ತೆಗೆದು ನೋಡಿದರು. ಅಸೆಂಬ್ಲಿ ಲೈನಿನಲ್ಲಿ ಅವರು ಅಷ್ಟೂ ವರ್ಷ ಮಾಡಿದ್ದು ಬ್ಯಾಲೆನ್ಸ್ ವೀಲ್ ಕೂರಿಸುವುದನ್ನು ಮಾತ್ರ. ಕೂದಲಿನಂಥ ಹೇರ್‌ಸ್ಪ್ರಿಂಗ್‌ನ ತುದಿಯನ್ನು ಚಿಮಟದಲ್ಲಿ ಹಿಡಿದು ಒಂದೇ ಉಸಿರಿನಲ್ಲಿ ಅದರ ಜಾಗಕ್ಕೆ ಸೇರಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಆದರೆ ಇಡೀ ಗಡಿಯಾರವನ್ನು ಬಿಚ್ಚಿ ಜೋಡಿಸುವುದು ಅವರಿಗೆ ಬರುತ್ತಿರಲಿಲ್ಲ. ಲಕ್ಷಗಟ್ಟಲೆ ಗಡಿಯಾರಗಳು ಕೈಮೇಲೆ ಹಾದುಹೋಗಿದ್ದವು. ಒಂದನ್ನೂ ಪೂರ್ತಿ ಕಂಡಿರಲಿಲ್ಲ.

ಪೇಟೆಯ ಬೀದಿಯಲ್ಲಿ, ಒಂದು ಮೆಡಿಕಲ್ ಶಾಪಿನ ಮೆಟ್ಟಿಲ ಪಕ್ಕ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ವಾಚ್ ರಿಪೇರಿ ಮಾಡುವವನೊಬ್ಬನಿದ್ದ. ವಯಸ್ಸಿನಲ್ಲಿ ಇವರಿಗಿಂತ ಹದಿನೈದು ವರ್ಷ ಚಿಕ್ಕವನು. ಫ್ಯಾಕ್ಟರಿಯವರು ಅಂಥವರನ್ನು ಯಾವತ್ತೂ ಲೆಕ್ಕಕ್ಕಿಟ್ಟವರಲ್ಲ. ಇವರು ಸಂಕೋಚ ಬಿಟ್ಟು ಅವನ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕುಳಿತರು. ಮೇನ್‌ಸ್ಪ್ರಿಂಗ್ ಬಿಚ್ಚುವಾಗ ಹಾರದ ಹಾಗೆ ಹೆಬ್ಬೆರಳು ಎಲ್ಲಿಡಬೇಕು, ಒಣಗಿದ ಎಣ್ಣೆಯನ್ನು ಪೆಟ್ರೋಲಿನಲ್ಲಿ ಹೇಗೆ ತೊಳೆಯಬೇಕು, ಬಿಚ್ಚಿದ ಸ್ಕ್ರೂಗಳನ್ನು ಯಾವ ಕ್ರಮದಲ್ಲಿ ಇಡಬೇಕು ಎಲ್ಲವನ್ನೂ ಅವನು ಹೇಳಿಕೊಟ್ಟ. ಹೇರ್‌ಸ್ಪ್ರಿಂಗ್ ಬಂದಾಗ ಮಾತ್ರ ಅವನೇ ಕಣ್ಣಿನಿಂದ ಭೂತಗನ್ನಡಿ ತೆಗೆದು ಇವರ ಕೈಗೆ ಕೊಡುತ್ತಿದ್ದ. ಈಗ ಇಬ್ಬರೂ ಜೊತೆಯಾಗಿದ್ದಾರೆ. ಆದಾಯ ಹಿಂದಿನ ಸಂಬಳದ ಹತ್ತಿರಕ್ಕೂ ಬರುವುದಿಲ್ಲ. ಆದರೆ ಬೆಳಿಗ್ಗೆ ಹತ್ತೂಕಾಲು ದಾಟಿದರೆ "ಯಾಕ್ ಸಾರ್, ಇನ್ನೂ ಬರ್ಲಿಲ್ಲ?" ಎಂದು ಫೋನ್ ಬರುತ್ತದೆ.

ಈ ಉಪನ್ಯಾಸದಲ್ಲಿ ನಾನು ಹೇಳಬೇಕಾದದ್ದು ಬಹುಮಟ್ಟಿಗೆ ಆ ಫೋನಿನಲ್ಲಿದೆ. ಕೆಲಸ ಹೋದವನಿಗೆ ಧೈರ್ಯ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಇವತ್ತು ಬರಲಿಲ್ಲವೇಕೆ ಎಂದು ಕೇಳುವ ಒಂದು ಜಾಗ ಸಿಗುವುದು ಕಷ್ಟ. ಮನುಷ್ಯ ತನ್ನ ಮನೋಬಲದಿಂದಲೇ ತನ್ನನ್ನು ಮೇಲೆತ್ತಿಕೊಳ್ಳುತ್ತಾನೆ ಎಂಬ ಮಾತನ್ನು ಮಾರಿ ಬದುಕುವ ವ್ಯಕ್ತಿತ್ವ ವಿಕಸನದ ಶಿಬಿರಗಳ ಬಗ್ಗೆ ನನಗೆ ಗೌರವ ಕಡಿಮೆ. ಶುಲ್ಕವಂತೂ ಕೆಲಸ ಇದ್ದವರೂ ಕಟ್ಟಲಾಗದಷ್ಟು!

ಮೂರನೆಯದಾಗಿ, ಒಬ್ಬನಲ್ಲ, ಇಡೀ ಊರೇ ಕೆಲಸ ಕಳೆದುಕೊಂಡರೆ? ಇಲ್ಲಿ ಆ ಚಿನ್ನದ ಗಣಿಯ ಊರಿಗೆ, ಕೆಜಿಎಫ್‌ಗೆ ಬರಲೇಬೇಕು.

1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಬೆಳೆದ ಊರು ಅದು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದದ್ದು ಮೊದಲು ಆ ಗಣಿಗಳಿಗೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ಗಣಿಗಳನ್ನು ವಹಿಸಿಕೊಂಡವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ರಂದು ಮುಚ್ಚಿತು. ಇವು ನಿಮಗೆ ಬಾಯಿಪಾಠವಿರುವ ತಾರೀಖುಗಳು. ಆಸ್ಪತ್ರೆ, ಕ್ವಾರ್ಟರ್ಸ್, ನೀರು, ದೀಪ, ಆಟದ ಮೈದಾನ ಎಲ್ಲವೂ ಕಂಪನಿಯದ್ದೇ ಆಗಿದ್ದ ಊರಿನಲ್ಲಿ ಕಂಪನಿ ಹೋಯಿತೆಂದರೆ ಏನೇನು ಹೋಯಿತೆಂದು ನಾನು ವಿವರಿಸಬೇಕಾಗಿಲ್ಲ.

ನಾನು ಒತ್ತಿ ಹೇಳಬೇಕೆಂದಿರುವುದು ಇನ್ನೊಂದು ಮಾತನ್ನು. ಆ ಗಣಿಗಳಿಗೆ ಬಂದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟ್, ಚಿತ್ತೂರು ಕಡೆಯ ದಲಿತ ಕುಟುಂಬಗಳವರು. ಊರಿನ ಜೀತ, ಊರಿನ ಕೇರಿ ಬಿಟ್ಟು ಪಾತಾಳಕ್ಕೆ ಇಳಿಯುವ ಅಪಾಯವನ್ನು ಒಪ್ಪಿಕೊಂಡವರು. ಬಂಡೆ ಸಿಡಿಯುತ್ತಿತ್ತು, ಧೂಳು ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ತರುತ್ತಿತ್ತು. ಆದರೂ ಅಲ್ಲಿ ತಿಂಗಳಿಗೆ ಸಂಬಳ ಬರುತ್ತಿತ್ತು, ಸಂಘ ಕಟ್ಟಬಹುದಿತ್ತು, ಮಕ್ಕಳು ಶಾಲೆಗೆ ಹೋಗಬಹುದಿತ್ತು. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ ಬರೆದ ಗ್ರಂಥವನ್ನು ವಿದ್ಯಾರ್ಥಿಗಳು ಓದಬೇಕು. 1930ರಲ್ಲಿ ಕಾರ್ಮಿಕರೆಲ್ಲರೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ಕಂಪನಿ ಹೊರಟಾಗ ಇದೇ ಜನ ಮುಷ್ಕರ ಹೂಡಿದರು. ಅಪರಾಧಿಗಳ ಹಾಗೆ ಹೆಬ್ಬೆಟ್ಟು ಕೊಡಲು ಒಲ್ಲದ ಸ್ವಾಭಿಮಾನ ಅದು. ಇಂಥವರಿಗೆ ಗಣಿಯ ಕೆಲಸ ಬರೀ ನೌಕರಿಯಾಗಿರಲಿಲ್ಲ. ಹಿಂದಿನ ಊರಿನ ಜಾತಿಯ ಕಸುಬಿನಿಂದ ಸಿಕ್ಕ ಬಿಡುಗಡೆಯಾಗಿತ್ತು. 2001ರಲ್ಲಿ ಕೆಲಸ ಹೋದಾಗ "ನಿಮ್ಮ ನಿಮ್ಮ ಊರಿಗೆ ಹೋಗಿ" ಎಂದು ಹೇಳಿದವರಿಗೆ ಇದು ಅರ್ಥವಾಗಿರಲಾರದು. ಯಾವ ಊರಿಗೆ?

ಅವರು ಹೋಗಲಿಲ್ಲ. ಊರಿನಲ್ಲೇ ಉಳಿದು ರೈಲು ಹಿಡಿದರು. ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲುಗಳಲ್ಲಿ ಸಾವಿರಾರು ಜನ ಇವತ್ತಿಗೂ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಸೆಕ್ಯುರಿಟಿ ಗಾರ್ಡ್, ಅಂಗಡಿ, ಕಟ್ಟಡದ ಕೆಲಸ, ಓದಿದವರಿಗೆ ಕಚೇರಿ. ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂದು ಗಣಿಗಳ ಹೆಸರು ಹೊತ್ತ ನಿಲ್ದಾಣಗಳಲ್ಲಿ ಒಬ್ಬೊಬ್ಬರೇ ಹತ್ತುತ್ತಾರೆ. ಆ ಡಬ್ಬಿಗಳಲ್ಲಿ ಯಾರ ಜಾಗ ಯಾವುದೆಂದು ಟಿಕೆಟ್ಟಿನಲ್ಲಿ ಬರೆದಿರುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ಕರವಸ್ತ್ರ ಹಾಕಿದ ಸೀಟು ಮೂರು ನಿಲ್ದಾಣದವರೆಗೆ ಖಾಲಿ ಇದ್ದು ಅದರ ಯಜಮಾನನಿಗಾಗಿ ಕಾಯುತ್ತದೆ. ಅವನು ಹತ್ತದಿದ್ದರೆ ಹುಷಾರಿಲ್ಲವೇನೋ ಎಂದು ವಿಚಾರಣೆ ನಡೆಯುತ್ತದೆ. ಹೋಗಿಬರುವುದಕ್ಕೇ ದಿನಕ್ಕೆ ನಾಲ್ಕೈದು ಗಂಟೆ ಕಳೆಯುವ ಈ ಬದುಕನ್ನು ನಾನು ಹೊಗಳುತ್ತಿಲ್ಲ. ಒಂದು ಊರನ್ನು ಹೀಗೆ ರೈಲಿನ ಮೇಲೆ ಬಿಟ್ಟದ್ದು ಆಡಳಿತದ ಸೋಲು. ಆದರೆ ಗಣಿ ಮುಚ್ಚಿದ ಮೇಲೂ ಅಲ್ಲಿನ ಜನ ಚದುರಿಹೋಗದಂತೆ ಹಿಡಿದದ್ದರಲ್ಲಿ ಆ ರೈಲಿನ ಪಾಲು ದೊಡ್ಡದು.

ಇಲ್ಲಿಯವರೆಗೆ 'ಅವನು' ಎಂದೇ ಮಾತಾಡಿದೆ. ಹೆಂಗಸರ ಕೆಲಸ ಹೋದರೆ ಅದನ್ನು ನಷ್ಟವೆಂದು ಲೆಕ್ಕ ಹಿಡಿಯುವವರೇ ಇಲ್ಲ. 2020ರಲ್ಲಿ, ಕೊರೊನಾ ಕಾಲದಲ್ಲಿ, ಶ್ರೀರಂಗಪಟ್ಟಣದ ಒಂದು ಸಿದ್ಧ ಉಡುಪಿನ ಘಟಕ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಕೈಬಿಟ್ಟಿತು. ಹೆಚ್ಚಿನವರು ಹೆಂಗಸರು. ವಾರಗಟ್ಟಲೆ ಗೇಟಿನ ಮುಂದೆ ಕುಳಿತು ಪ್ರತಿಭಟಿಸಿದರು. ಗಾರ್ಮೆಂಟ್ಸ್ ಕೆಲಸದಲ್ಲಿ ಸುಖವಿಲ್ಲ: ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್, ಸೂಪರ್‌ವೈಸರನ ಬೈಗುಳ, ಕತ್ತು ಬೆನ್ನಿನ ನೋವು. ಆದರೂ ಆ ಹೆಣ್ಣುಮಕ್ಕಳಿಗೆ ತಮ್ಮದೇ ಹೆಸರಿನ ಬ್ಯಾಂಕ್ ಖಾತೆ, ಪಿಎಫ್ ನಂಬರು, ಊಟದ ಹೊತ್ತಿನಲ್ಲಿ ಪಲ್ಯ ಹಂಚಿಕೊಳ್ಳುವ ಗೆಳತಿಯರು ಇದ್ದದ್ದು ಅಲ್ಲಿಯೇ. ಕೆಲಸ ಹೋದ ಮೇಲೆ ಮನೆಯಲ್ಲಿ ಕೇಳಿಬರುವ ಮಾತು, "ಮನೇಲಿರ್ಲಿ ಬಿಡು, ಮಕ್ಕಳನ್ನ ನೋಡ್ಕೊಳ್ಳೋಕಾಗುತ್ತೆ." ಗಂಡನ ಕೆಲಸ ಹೋದಾಗ ದುಃಖ ಕೇಳಲು ನೆಂಟರು ಬರುತ್ತಾರೆ. ಇವಳ ಹತ್ತಿರ ಅಷ್ಟಕ್ಕೂ ಯಾರೂ ಬರುವುದಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರ ಸ್ಥಿತಿಯನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಬೆಳಿಗ್ಗೆ ಇಮೇಲ್, ಮಧ್ಯಾಹ್ನಕ್ಕೆ ಲ್ಯಾಪ್‌ಟಾಪ್ ಬಂದ್, ಊರಿನ ಅಪ್ಪ ಅಮ್ಮನಿಗೆ ತಿಂಗಳುಗಟ್ಟಲೆ ವಿಷಯವೇ ತಿಳಿಸದ ಮೌನ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವ ನಮ್ಮ ಕನ್ನಡದ ಮಕ್ಕಳಿಗೆ ಕೆಲಸ ಹೋದರೆ ಬೇರೆ ದಾರಿ ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಮನೆ, ಮಕ್ಕಳ ಶಾಲೆ, ದೇಶ ಎಲ್ಲದರ ತೀರ್ಮಾನ ಆಗಬೇಕು. ಸಂಬಳ ದೊಡ್ಡದಿತ್ತೆಂದು ಅವರ ಸಂಕಟವನ್ನು ಹಗುರ ಮಾಡುವುದು ಸರಿಯಲ್ಲ.

ಕೊನೆಯದಾಗಿ, ಏನು ಮಾಡಬಹುದು ಎಂಬ ಪ್ರಶ್ನೆ. ಸರ್ಕಾರದ ಕೆಲಸವನ್ನು ಸರ್ಕಾರವೇ ಮಾಡಬೇಕು. ಕಾರ್ಖಾನೆ ಮುಚ್ಚುವಾಗ ಕೊಡುವ ಪರಿಹಾರದ ಲೆಕ್ಕ 1947ರ ಕೈಗಾರಿಕಾ ವಿವಾದ ಕಾಯ್ದೆಗೆ ಆಮೇಲೆ ಬಂದ ತಿದ್ದುಪಡಿಗಳ ಕಾಲದಿಂದಲೂ ಸೇವೆಯ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನ ಎಂದು ಬಂದಿದೆ; ಇಷ್ಟರಿಂದ ಐವತ್ತರ ಹರೆಯದವನು ಹೊಸ ಬದುಕು ಕಟ್ಟಲಾರ. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ನಿಂತುಹೋಗಿ, ಉಕ್ಕಿನ ಕಾರ್ಖಾನೆಯ ತಲೆಯ ಮೇಲೂ ಕತ್ತಿ ತೂಗಿದ್ದನ್ನು ಕಂಡ ಮೇಲೆ, ಮುಚ್ಚುವ ತೀರ್ಮಾನದ ಜೊತೆಗೇ ಆ ಊರಿಗೆ ಮುಂದೇನು ಎಂಬ ತೀರ್ಮಾನವೂ ಒಂದೇ ಕಡತದಲ್ಲಿ ಬರಬೇಕೆಂದು ಕೇಳುವ ಹಕ್ಕು ನಮಗಿದೆ.

ನಮ್ಮ ಕೈಯಲ್ಲಿರುವುದೂ ಸ್ವಲ್ಪ ಇದೆ. ಈ ಕಾಲೇಜಿನ ಗ್ರಂಥಾಲಯವನ್ನು ವಾರದಲ್ಲಿ ಎರಡು ಸಂಜೆ ಹೊರಗಿನವರಿಗೆ ತೆರೆಯಬಹುದು. ಬರೀ ತೆರೆದಿಟ್ಟರೆ ಯಾರೂ ಬರುವುದಿಲ್ಲ, ಮರಿಯೆಂಟಾಲ್ ಅದನ್ನು ಕಲಿಸಿದೆ. ಬಂದವರಿಗೆ ಒಂದು ಕೆಲಸ ವಹಿಸಬೇಕು. ಮೂವತ್ತು ವರ್ಷ ಲೇತ್ ಮೇಲೆ ನಿಂತವರನ್ನು ಐಟಿಐ ಮಕ್ಕಳ ಮುಂದೆ ವಾರಕ್ಕೊಂದು ತಾಸು ನಿಲ್ಲಿಸಿ, ಗೌರವಧನ ಕೊಟ್ಟು, ಹಾಜರಿ ಪುಸ್ತಕದಲ್ಲಿ ಅವರ ಹೆಸರು ಬರೆಯಿರಿ. ಹಣ ಸಣ್ಣದಿರಲಿ, ಹೆಸರಿರಲಿ.

ಇನ್ನೊಂದು ಮಾಹಿತಿ ಕೊಟ್ಟು ಮುಗಿಸುತ್ತೇನೆ. ಇಎಸ್‌ಐ ವಿಮೆ ಇರುವ ಕಾರ್ಮಿಕರು ಕೆಲಸ ಕಳೆದುಕೊಂಡರೆ ಅವರಿಗಾಗಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಎಂಬುದೊಂದು 2018ರಿಂದ ಇದೆ. ಮೊದಲು ಸರಾಸರಿ ಕೂಲಿಯ ಶೇ. 25ರಷ್ಟಿದ್ದ ನೆರವನ್ನು 2020ರಲ್ಲಿ ಶೇ. 50ಕ್ಕೆ ಏರಿಸಿದರು, ಗರಿಷ್ಠ 90 ದಿನಗಳಿಗೆ ಸಿಗುತ್ತದೆ. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿರುವುದರಿಂದ ಈಗಿನ ನಿಯಮವನ್ನು ಇಎಸ್‌ಐ ಶಾಖಾ ಕಚೇರಿಯಲ್ಲೇ ಕೇಳಿ ತಿಳಿಯಬೇಕು. ನಾನು ಮಾತಾಡಿಸಿದ ಕಾರ್ಮಿಕರಲ್ಲಿ ಹೆಚ್ಚಿನವರಿಗೆ ಇದರ ಹೆಸರೇ ಗೊತ್ತಿರಲಿಲ್ಲ. ವಿದ್ಯಾರ್ಥಿಗಳೇ, ನಿಮ್ಮ ಬೀದಿಯಲ್ಲಿ ಗಾರ್ಮೆಂಟ್ಸ್‌ನಿಂದಲೋ ಕಾರ್ಖಾನೆಯಿಂದಲೋ ಕೆಲಸ ಬಿಡಿಸಿಕೊಂಡು ಬಂದವರಿದ್ದರೆ ಈ ವಾರ ಅವರ ಮನೆಗೆ ಹೋಗಿ ಇಎಸ್‌ಐ ಕಾರ್ಡ್ ಇದೆಯೇ ಎಂದು ಕೇಳಿ. ಇದ್ದರೆ ಅರ್ಜಿ ತುಂಬಲು ಜೊತೆಗೆ ಕುಳಿತುಕೊಳ್ಳಿ.